ಒಂದು ಅಂಕದ ಅಭಿಧಮನಿಗೆ

ಗೆ,
ಪುಪ್ಪುಸ ಅಭಿಧಮನಿಯವರು (ಎಡ ಮೇಲ್ಭಾಗ),
ಶ್ವಾಸಕೋಶದಿಂದ ಹೃದಯಕ್ಕೆ ಹೋಗುವ ದಾರಿ,
ನನ್ನ ಎದೆಗೂಡು.

ವಿಷಯ: ತಾವು ಯಾವುದೇ ಪೂರ್ವಸೂಚನೆ ಕೊಡದೆ ಬಾಗಿಲು ಮುಚ್ಚಿದ ಬಗ್ಗೆ.

ಉಲ್ಲೇಖ: ನನ್ನ ಏಳು ತಿಂಗಳ ಕೆಮ್ಮು.

ಮಾನ್ಯರೇ,

ತಮಗೆ ನನ್ನ ಪರಿಚಯ ಇರಲಾರದು. ನನಗೆ ಮಾತ್ರ ತಮ್ಮ ಪರಿಚಯ ಮೂವತ್ತೊಂದು ವರ್ಷದ್ದು. ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು ನಾನು. ವರ್ಷಕ್ಕೊಮ್ಮೆ ತಮ್ಮನ್ನು ತಪ್ಪದೆ ನೆನೆಯುತ್ತಿದ್ದೆ, ಅದೂ ಪ್ರಶ್ನೆಪತ್ರಿಕೆಯಲ್ಲಿ. ‘ಆಮ್ಲಜನಕಯುಕ್ತ ರಕ್ತವನ್ನು ಸಾಗಿಸುವ ಅಭಿಧಮನಿ ಯಾವುದು?’ ಒಂದು ಅಂಕ. ಜಾಣರು ತಮ್ಮ ಹೆಸರು ಬರೆದು ಅಂಕ ಗಿಟ್ಟಿಸುತ್ತಿದ್ದರು. ಉಳಿದವರು ಅಪಧಮನಿ, ಅಭಿಧಮನಿಗಳ ನಡುವಿನ ಒಂದೇ ಒಂದು ಅಕ್ಷರದಲ್ಲಿ ಜಾರಿ ಬೀಳುತ್ತಿದ್ದರು. ಅವರ ಉತ್ತರದ ಮೇಲೆ ಕೆಂಪು ಗೀಟು ಎಳೆದು ನಾನು ಮುಂದಿನ ಹಾಳೆ ತಿರುಗಿಸುತ್ತಿದ್ದೆ.

ಅಲ್ಲಿಗೆ ತಮ್ಮ ಅಧ್ಯಾಯ ಮುಗಿಯಿತು. ಹೆಸರು ಗೊತ್ತಿದ್ದರೆ ಸಾಕು, ಯೋಗಕ್ಷೇಮ ಯಾರಿಗೆ ಬೇಕು?

ತಮ್ಮ ಸ್ಥಿತಿ ನಮ್ಮ ಇಲಾಖೆಯ ಪ್ರಾಮಾಣಿಕ ಗುಮಾಸ್ತರದ್ದೇ. ತಾವು ಸಾಮಾನ್ಯವಾಗಿ ನಾಲ್ವರು: ಬಲ ಶ್ವಾಸಕೋಶದಿಂದ ಇಬ್ಬರು, ಎಡದಿಂದ ಇಬ್ಬರು. ಸುಮ್ಮನೆ ಕುಳಿತವನ ಮೈಯಲ್ಲೂ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಗಾಳಿ ಕುಡಿದು ಬಂದು, ತಮ್ಮ ಮೂಲಕವೇ ಹೃದಯದ ಎಡ ಹೃತ್ಕರ್ಣ ಸೇರಬೇಕು. ಹೀಗಿದ್ದೂ ಊರಲ್ಲಿ ಮಾತಿರುವುದು ಹೃದಯದ ಅಪಧಮನಿಗಳ ಬಗ್ಗೆ ಮಾತ್ರ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆ ‘ನಂಗೆ ಎರಡು ಬ್ಲಾಕ್’, ‘ನಂಗೆ ಮೂರು’ ಎಂದು ಹೋಳಿಗೆ ಬಡಿಸುವ ಲೆಕ್ಕದಲ್ಲಿ ಹೇಳಿಕೊಳ್ಳುತ್ತಾರೆ. ತಮ್ಮ ಬ್ಲಾಕನ್ನು ಹೀಗೆ ಹೆಮ್ಮೆಯಿಂದ ಹೇಳಿಕೊಂಡವರನ್ನು ನಾನು ಕಂಡಿಲ್ಲ. ಈ ಕೊರತೆ ನೀಗಲಿ ಎಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಸೇವಾ ಪುಸ್ತಕವನ್ನು ತೆರೆದು ನೋಡಿದೆ. ಮೊದಲ ಪುಟದಿಂದಲೂ ಅನ್ಯಾಯವೇ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ತಮ್ಮನ್ನು ಶ್ವಾಸಕೋಶದಿಂದ ಗಾಳಿ ತರುವ ಕೊಳವೆ ಎಂದು ಬಗೆದ. ಜನ ಸಾವಿರ ವರ್ಷ ಅದನ್ನೇ ನಂಬಿದರು. 1242ರಲ್ಲಿ ಇಬ್ನ್ ಅಲ್-ನಫೀಸ್ ಎಂಬ ವೈದ್ಯ, ಹೃದಯದ ಬಲಗಡೆಯ ರಕ್ತ ಶ್ವಾಸಕೋಶದ ಮೂಲಕವೇ ಹಾದು ತಮ್ಮ ದಾರಿಯಲ್ಲಿ ಎಡಕ್ಕೆ ಬರುತ್ತದೆ ಎಂದು ಬರೆದಿಟ್ಟ. ಯುರೋಪಿನಲ್ಲಿ ಅದೇ ಮಾತನ್ನು ಹೇಳಿದ ಮಿಗುವೆಲ್ ಸರ್ವೆಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟರು. ತಾವು ಹೆಮ್ಮೆಪಡುವ ಮೊದಲೇ ಹೇಳಿಬಿಡುತ್ತೇನೆ, ಸುಟ್ಟದ್ದು ಧರ್ಮದ ತಕರಾರಿಗೆ, ತಮ್ಮ ಸಲುವಾಗಿ ಅಲ್ಲ. ಅಲ್ಲೂ ತಮ್ಮದು ಅಡಿಟಿಪ್ಪಣಿಯೇ.

ಕೊನೆಗೊಮ್ಮೆ ತಮಗೆ ಹೆಸರು ಬಂತು, ಆರೋಪಿಯಾಗಿ. 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಷೆಲ್ ಹೈಸಗೆರ್ ಮತ್ತು ಅವರ ತಂಡದವರು ಒಂದು ವರದಿ ಪ್ರಕಟಿಸಿದರು. ಹೃದಯದ ಮೇಲಿನ ಕೋಣೆ ತಾಳ ತಪ್ಪಿದ ಮದ್ದಳೆಯಂತೆ ಅಡ್ಡಾದಿಡ್ಡಿ ಬಡಿಯುವ ಕಾಯಿಲೆ ಇದೆಯಲ್ಲ, ವೈದ್ಯರು ಎ.ಎಫ್. ಅನ್ನುತ್ತಾರಲ್ಲ, ಅದಕ್ಕೆ ಕಿಡಿ ಹೊತ್ತುವ ಜಾಗವನ್ನು ಅವರು 45 ರೋಗಿಗಳಲ್ಲಿ ಹುಡುಕಿದ್ದರು. ಸಿಕ್ಕ 69 ಜಾಗಗಳಲ್ಲಿ 65 ತಮ್ಮೊಳಗೇ ಇದ್ದವು! ಹೃದಯದ ಸ್ನಾಯು ತೋಳಿನ ತುದಿಯಂತೆ ತಮ್ಮೊಳಗೆ ಸ್ವಲ್ಪ ದೂರ ಚಾಚಿಕೊಂಡಿರುತ್ತದೆ. ಕಿಡಿ ಹುಟ್ಟುವುದು ಅಲ್ಲಿ. ಸಾವಿರಾರು ವರ್ಷ ತಾವಿರುವುದನ್ನೇ ಮರೆತಿದ್ದ ಲೋಕ ಅಂದಿನಿಂದ ತಮ್ಮನ್ನು ಹುಡುಕಿಕೊಂಡು ಬಂತು, ಕೈಯಲ್ಲಿ ಬೆಂಕಿ ಹಿಡಿದು.

ತೊಡೆಸಂದಿಯ ನಾಳದಿಂದ ತೆಳು ತಂತಿ ತೂರಿಸುವುದು, ಹೃದಯದ ಬಲಗಡೆಗೆ ಬರುವುದು, ನಡುಗೋಡೆಗೆ ಸಣ್ಣ ತೂತು ಮಾಡಿ ಎಡಗಡೆಗೆ ದಾಟುವುದು, ಕಿಡಿಯ ಜಾಗವನ್ನು ಸುಡುವುದು. ಇದಕ್ಕೆ ಅಬ್ಲೇಷನ್ ಎಂದು ಹೆಸರು. ಮೊದಮೊದಲು ತಮ್ಮ ಒಡಲೊಳಗೇ ಸುಡುತ್ತಿದ್ದರು. ನಮ್ಮ ಕಡೆ ಆಲೆಮನೆಯಲ್ಲಿ ಕುದಿಯುವ ಪಾಕ ಕೈಮೇಲೆ ಸಿಡಿದವರನ್ನು ಕೇಳಿ ನೋಡಿ. ಗಾಯ ಮಾಯುವಾಗ ಚರ್ಮ ಎಳೆದುಕೊಂಡು ಬಿಗಿಯುತ್ತದೆ. ತಮ್ಮೊಳಗೂ ಅದೇ ಆಯಿತು. ಕಲೆ ಬಿಗಿದಷ್ಟೂ ದಾರಿ ಕಿರಿದಾಗುತ್ತ ಹೋಯಿತು. ಹೃದಯ ತಾಳಕ್ಕೆ ಬಂತು, ಶ್ವಾಸಕೋಶ ತಾಳ ತಪ್ಪಿತು. ವೈದ್ಯರು ಪಾಠ ಕಲಿತರು. ಈಗ ತಮ್ಮ ಬಾಯಿಂದ ಆಚೆ, ಹೃತ್ಕರ್ಣದ ಕಡೆಗೆ ಸುತ್ತಲೂ ಬೇಲಿ ಹಾಕಿದಂತೆ ಸುಡುತ್ತಾರೆ. ಶಾಖದ ಬದಲು ವಿದ್ಯುತ್ತಿನ ಸೂಕ್ಷ್ಮ ಮಿಡಿತಗಳಿಂದ ಸ್ನಾಯುವನ್ನಷ್ಟೇ ಕೊಲ್ಲುವ ಹೊಸ ವಿಧಾನವೂ ಬಂದಿದೆ. ಹಾಗಾಗಿ ತೀವ್ರವಾಗಿ ಕಿರಿದಾಗುವ ಪ್ರಮಾಣ ಇಂದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಆ ಒಂದಕ್ಕಿಂತ ಕಡಿಮೆಯವನು ನಾನು. ಬದುಕಿನಲ್ಲಿ ರ‍್ಯಾಂಕ್ ಬಂದಿದ್ದು ಇದೊಂದರಲ್ಲಿ.

ಯುಗಾದಿಯ ಹೊತ್ತಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನಗೆ ಅಬ್ಲೇಷನ್ ಆಯಿತು. ಮೂರನೇ ದಿನ ಮನೆಗೆ ಬಂದೆ. ಎದೆ ಗಡಿಯಾರದಂತೆ ಬಡಿಯುತ್ತಿತ್ತು. ಖುಷಿಗೆ ಡಾಕ್ಟರಿಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೆಲವು ತಿಂಗಳು ನುಂಗಿ, ಅವರು ಹೇಳಿದ ಮೇಲೆ ಬಿಟ್ಟೆ. ಆಸ್ಪತ್ರೆಯ ಫೈಲನ್ನು ಹೆಂಡತಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ, ಮನೆಪತ್ರದ ಜೊತೆ ಭದ್ರವಾಗಿ ಇಟ್ಟಳು. ಇನ್ನು ಅದರ ಅಗತ್ಯ ಏನು?

ಜುಲೈಯಲ್ಲಿ ಕೆಮ್ಮು ಶುರುವಾಯಿತು. ಮಳೆಗಾಲದಲ್ಲಿ ಕೆಮ್ಮದವನು ಮಲೆನಾಡಿನವನೇ ಅಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತೋಟದ ಏರು ಹತ್ತುವಾಗ ಉಸಿರು ಸಾಲದಾಯಿತು. ವಯಸ್ಸಾಯಿತು ಎಂದರು.

ಇಲ್ಲಿಂದ ಮುಂದೆ ತಮ್ಮ ಪ್ರತಿಭೆಯನ್ನು ಹೊಗಳದೆ ಇರಲಾರೆ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಒಂದು ರಾತ್ರಿಯಲ್ಲಿ ಎರಡು ವೇಷ ಮಾಡಿದರೆ ನಾವು ಭೇಷ್ ಅನ್ನುತ್ತೇವೆ. ತಾವು ಏಳು ತಿಂಗಳಲ್ಲಿ ನಾಲ್ಕು ಮಾಡಿದಿರಿ. ಮೊದಲು ಅಲರ್ಜಿಯ ವೇಷ: ಅಡಿಕೆ ಸುಲಿಯುವ ಧೂಳು ಎಂದು ಗುಳಿಗೆ ಕೊಟ್ಟರು. ಆಮೇಲೆ ಆಸ್ತಮಾ: ಬಾಯಿಗೆ ಪಂಪು ಬಂತು. ಮೂರನೆಯದು ನ್ಯುಮೋನಿಯಾ: ಎಕ್ಸ್‌-ರೇಯಲ್ಲಿ ಎಡಗಡೆ ಒಂದು ಬಿಳಿ ಕಲೆ ಕಂಡಿತು, ಐದು ದಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡೆ. ಡಿಸೆಂಬರಿನ ಕೊನೆಕೊಯ್ಲಿನ ಹೊತ್ತಿಗೆ ಕರವಸ್ತ್ರದಲ್ಲಿ ರಕ್ತ ಕಂಡಿತು. ಆಗ ತಾವು ಕಿರೀಟ ಕಟ್ಟಿ ರಂಗಕ್ಕೆ ಬಂದದ್ದು ಟಿ.ಬಿ.ಯಾಗಿ. ಕಫದಲ್ಲಿ ರೋಗಾಣು ಸಿಗಲಿಲ್ಲ. ಆದರೂ ಮಾತ್ರೆ ಶುರುವಾಯಿತು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಕೆಮ್ಮು ಎಲ್ಲಿತ್ತೋ ಅಲ್ಲೇ ಉಳಿಯಿತು. ಮಂಗನ ಕಾಯಿಲೆ ಒಂದನ್ನು ಬಿಟ್ಟು ನಮ್ಮ ಸೀಮೆಯ ಎಲ್ಲವೂ ನನಗೆ ಬಂದುಹೋದ ಹಾಗಾಯಿತು.

ವೈದ್ಯರನ್ನು ಗೇಲಿ ಮಾಡುವುದು ಸುಲಭ. ಆದರೆ ಜಗತ್ತಿನ ಟಿ.ಬಿ. ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶದಲ್ಲಿ, ಕೆಮ್ಮಿ ರಕ್ತ ಉಗುಳುವ ಮುದುಕನನ್ನು ನೋಡಿ ಟಿ.ಬಿ. ನೆನಪಾಗದಿದ್ದರೆ ಆ ವೈದ್ಯನೇ ತಪ್ಪಿತಸ್ಥ. ಇನ್ನೂ ಸೋಜಿಗ ಕೇಳಿ: ಟಿ.ಬಿ. ಕೂಡ ಕೆಲವೊಮ್ಮೆ ಎದೆಯ ನಡುವಿನ ಗಂಟುಗಳನ್ನು ಕಲೆಗಟ್ಟಿಸಿ ತಮ್ಮ ಕುತ್ತಿಗೆ ಹಿಸುಕುವುದುಂಟು. ಗೆಡ್ಡೆಗಳೂ ಹಾಗೆ ಹಿಸುಕುತ್ತವೆ. ಅಂದರೆ ಒಮ್ಮೊಮ್ಮೆ ತಾವು ಧರಿಸಿದ ವೇಷ, ತಮ್ಮ ಕತ್ತು ಹಿಡಿದವನದ್ದೇ ಆಗಿರುತ್ತದೆ. ಬೇರೆ ದೇಶಗಳಲ್ಲಿ ತಮ್ಮ ಇದೇ ಆಟ ನೋಡಿ ಕ್ಯಾನ್ಸರ್ ಎಂದು ಬಗೆದು ಶ್ವಾಸಕೋಶದ ತುಂಡನ್ನೇ ಕತ್ತರಿಸಿ ತೆಗೆದ ಪ್ರಸಂಗಗಳೂ ವೈದ್ಯಕೀಯ ದಾಖಲೆಯಲ್ಲಿವೆ. ನನ್ನದು ಕಿತ್ತಳೆ ಮೂತ್ರಕ್ಕೇ ಮುಗಿಯಿತು.

ಈ ಎಲ್ಲ ಕಾಲದಲ್ಲಿ ನನ್ನ ಹೃದಯವನ್ನೂ ಪರೀಕ್ಷಿಸಿದ್ದರು. ಇ.ಸಿ.ಜಿ. ಚೊಕ್ಕ. ಎಕೋ ಮಾಡಿದವರು ‘ಹಾರ್ಟು ಫಸ್ಟ್ ಕ್ಲಾಸ್ ಇದೆ ಮಾಷ್ಟ್ರೇ’ ಎಂದು ಬೆನ್ನು ತಟ್ಟಿದರು. ಅವರು ಹೇಳಿದ್ದು ಸತ್ಯವೇ. ಹೃದಯಕ್ಕೇನಾಗಿತ್ತು? ಕೆಟ್ಟದ್ದು ಹೃದಯಕ್ಕೆ ಬರುವ ದಾರಿ. ದೊಡ್ಡವರಲ್ಲಿ ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋದಲ್ಲಿ ತಾವು ಸರಿಯಾಗಿ ಕಾಣುವುದೇ ಇಲ್ಲ. ಹಿತ್ತಿಲ ಬಾಗಿಲಿನವರು ತಾವು.

ಅಡಿಕೆ ತೋಟ ಇದ್ದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ತೋಟಕ್ಕೆ ನೀರು ಬರುವ ಕಾಲುವೆಯನ್ನು ಎಲ್ಲರೂ ನೋಡುತ್ತಾರೆ. ನೀರು ಹೊರಹೋಗುವ ಬಸಿಗಾಲುವೆ ಕಟ್ಟಿಕೊಂಡರೆ ಗೊತ್ತಾಗುವುದು ಸೋಗೆ ಹಳದಿಯಾದ ಮೇಲೆ. ಆಗಲೂ ಗೊಬ್ಬರ ಸಾಲದು ಎನ್ನುತ್ತೇವೆ, ರೋಗ ಎನ್ನುತ್ತೇವೆ, ಔಷಧಿ ಹೊಡೆಯುತ್ತೇವೆ. ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತಿರುತ್ತದೆ. ತಮ್ಮ ಬಾಗಿಲು ಮುಚ್ಚಿದಾಗ ಶ್ವಾಸಕೋಶದಲ್ಲಿ ಆಗುವುದು ಇದೇ. ಒಳಗೆ ಬಂದ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ, ನೀರು ಜಿನುಗುತ್ತದೆ, ಅದೇ ಎಕ್ಸ್‌-ರೇಯ ಬಿಳಿ ಕಲೆ. ಸಣ್ಣ ನಾಳಗಳು ಒಡೆಯುತ್ತವೆ, ಅದೇ ಕರವಸ್ತ್ರದ ಕೆಂಪು ಕಲೆ. ಒಂದು ಬಸಿಗಾಲುವೆ ಕಟ್ಟಿದರೆ ಉಳಿದ ಮೂರು ಹೇಗೋ ಸುಧಾರಿಸುತ್ತವೆ, ಎಷ್ಟೋ ಜನರಿಗೆ ಏನೂ ಅನ್ನಿಸುವುದೇ ಇಲ್ಲ. ನನ್ನಲ್ಲಿ ತಾವೂ, ಎಡಗಡೆಯ ತಮ್ಮ ಜೊತೆಗಾರರೂ ಒಟ್ಟಿಗೇ ಮುಷ್ಕರ ಹೂಡಿದ್ದಿರಿ.

ಮುಷ್ಕರ ಬಯಲಾದದ್ದು ಹೇಗೆ ಎಂಬುದನ್ನು ಹೇಳಲು ನನಗೆ ನಾಚಿಕೆ.

ಜನವರಿಯಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು, ಬೇರೊಂದು ಆಸ್ಪತ್ರೆಗೆ. ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಒಂದು ಫಾರಂ. ಎಲ್ಲ ಆಸ್ಪತ್ರೆಯಲ್ಲೂ ತುಂಬಿದ್ದ ಅದೇ ಫಾರಂ. ‘ಹಿಂದೆ ಆಪರೇಷನ್ ಏನಾದ್ರೂ ಆಗಿದ್ಯಾ ಸರ್?’ ಎಂದು ಎಳೆವಯಸ್ಸಿನ ಡಾಕ್ಟರಮ್ಮ ಕೇಳಿದರು. ‘ಇಲ್ಲ’ ಎಂದೆ. ಏಳು ತಿಂಗಳಿನಿಂದ ಹಾಗೆಯೇ ಹೇಳುತ್ತ ಬಂದಿದ್ದೆ. ಹೊಲಿಗೆ ಇಲ್ಲ, ಗಾಯ ಇಲ್ಲ, ಅದು ಹೇಗೆ ಆಪರೇಷನ್ ಆಗುತ್ತದೆ? ಪದಗಳ ಅರ್ಥದಲ್ಲಿ ನಾನು ಕಟ್ಟುನಿಟ್ಟು.

ಅವರು ಪಟ್ಟಿಯಲ್ಲಿ ಮುಂದಿನದಕ್ಕೆ ಹೋದರು. ‘ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?’

‘ಮೊದಲು ತಗೋತಿದ್ದೆ, ಈಗಿಲ್ಲ.’

‘ಯಾಕೆ ತಗೋತಿದ್ರಿ?’

ನಾನು ಶಾಸ್ತ್ರೀಯವಾಗಿ ವಿವರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನಾಕೆ, ‘ಹೋದ ಯುಗಾದೀಲಿ ಇವ್ರ ಹಾರ್ಟಿನೊಳಗೆ ಸುಟ್ಟಿದ್ರಲ್ಲ ಡಾಕ್ಟ್ರೇ, ಅದಕ್ಕೆ’ ಎಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕೊಳವೆ ಇಳಿಸುವುದು ಅಂದು ಆಗಲಿಲ್ಲ.

ಮಾನ್ಯರೇ, ಏಳು ತಿಂಗಳು ನಾಲ್ಕು ಕಾಯಿಲೆ ಹೊತ್ತು ತಿರುಗಿದವನ ರೋಗ ಪತ್ತೆಯಾದದ್ದು ಒಂದು ಅಂಕದ ಪ್ರಶ್ನೆಯಿಂದ. ಉತ್ತರ ನನ್ನ ಬೀರುವಿನಲ್ಲಿತ್ತು. ಮೇಷ್ಟ್ರು ಫೇಲಾದರು, ಮೇಷ್ಟ್ರ ಹೆಂಡತಿ ಪಾಸಾದಳು.

ಆಮೇಲಿನದೆಲ್ಲ ಸರಸರ ನಡೆಯಿತು. ಅಂಥದ್ದೇ ಸಿ.ಟಿ. ಯಂತ್ರ, ಅದೇ ಎದೆ. ಕೆಮ್ಮಿಗೆಂದು ಹಿಂದೊಮ್ಮೆ ಸಿ.ಟಿ. ಮಾಡಿದ್ದಾಗ ಮದ್ದು ಹಾಕದೆ ತೆಗೆದಿದ್ದರು. ಈ ಸಲ ನಾಳಕ್ಕೆ ಬಣ್ಣದ ಮದ್ದು ಕೊಟ್ಟು, ಅದು ಸರಿಯಾಗಿ ತಮ್ಮಲ್ಲಿಗೆ ತಲುಪುವ ಗಳಿಗೆ ನೋಡಿ ಚಿತ್ರ ತೆಗೆದರು. ಯಂತ್ರಕ್ಕೆ ಕಣ್ಣಿದೆ, ಅನುಮಾನ ಇಲ್ಲ. ಅನುಮಾನವನ್ನು ಮನುಷ್ಯನೇ ಕೊಡಬೇಕು. ಅರ್ಧಕ್ಕಿಂತ ಕಡಿಮೆ ಮುಚ್ಚಿದ್ದರೆ ಸೌಮ್ಯ, ನೂರಕ್ಕೆ 50ರಿಂದ 70 ಮಧ್ಯಮ, ಅದರಾಚೆ ತೀವ್ರ ಎಂದು ಲೆಕ್ಕವಂತೆ. ತಮ್ಮ ಜೊತೆಗಾರರಾದ ಎಡ ಕೆಳಭಾಗದವರು ತೀವ್ರ. ತಾವಂತೂ ಚಿತ್ರದಲ್ಲಿ ಇರಲೇ ಇಲ್ಲ. ಆಮೇಲೆ ಶ್ವಾಸಕೋಶಕ್ಕೆ ರಕ್ತ ಎಷ್ಟೆಷ್ಟು ಹರಿಯುತ್ತದೆ ಎಂದು ಅಳೆಯುವ ಸ್ಕ್ಯಾನ್. ಸಾಮಾನ್ಯರಲ್ಲಿ ಬಲಕ್ಕೆ ಸುಮಾರು 55, ಎಡಕ್ಕೆ 45 ಪಾಲು. ನನ್ನ ಎಡಕ್ಕೆ ಸಿಕ್ಕಿದ್ದು 16. ಗಾಳಿ ಎರಡೂ ಕಡೆ ಸಮನಾಗಿ ಹೋಗುತ್ತಿತ್ತು. ಊಟ ಬಡಿಸಿದ್ದಾರೆ, ಉಣ್ಣುವವರು ಬಂದಿಲ್ಲ.

ಸಿ.ಟಿ.ಯಲ್ಲಿ ಪೂರ್ತಿ ಮುಚ್ಚಿದಂತೆ ಕಂಡರೂ ಕೆಲವೊಮ್ಮೆ ಕೂದಲೆಳೆಯಷ್ಟು ದಾರಿ ಉಳಿದಿರುತ್ತದೆ. ಅದು ತಿಳಿಯುವುದು ಒಳಗೆ ತಂತಿ ಇಳಿಸಿ, ಶ್ವಾಸಕೋಶದ ಕಡೆಯಿಂದ ಮದ್ದು ತಳ್ಳಿ ನೋಡಿದಾಗ. ತಮ್ಮಲ್ಲಿ ಆ ಎಳೆ ಉಳಿದಿತ್ತು. ಇನ್ನಷ್ಟು ತಡವಾಗಿದ್ದರೆ ಅದೂ ಮುಚ್ಚಿ, ದಾರಿ ತೆರೆದರೂ ಪ್ರಯೋಜನವಿಲ್ಲದಷ್ಟು ಶ್ವಾಸಕೋಶ ಕುಗ್ಗುತ್ತಿತ್ತು ಎಂದರು.

ಗಟ್ಟಿಯಾದ ಕಲೆಯನ್ನು ಕರಗಿಸುವ ಮಾತ್ರೆ ಇಲ್ಲ. ಮತ್ತೆ ಅದೇ ತೊಡೆಸಂದಿ, ಅದೇ ನಡುಗೋಡೆಯ ತೂತು. ಈ ಸಲ ಕೈಯಲ್ಲಿ ಬೆಂಕಿಯ ಬದಲು ಬಲೂನು. ಬಲೂನನ್ನು ಊದಿ ದಾರಿ ಅಗಲಿಸಬಹುದು, ಆದರೆ ಎಳೆದ ರಬ್ಬರಿನ ಹಾಗೆ ನಾಳ ಮತ್ತೆ ಕುಗ್ಗುತ್ತದೆ. 2016ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ನನ್ನಂಥ 124 ಜನರ ಲೆಕ್ಕ ಪ್ರಕಟಿಸಿದರು. ಬಲೂನಷ್ಟೇ ಕಂಡ ನಾಳಗಳಲ್ಲಿ ನೂರಕ್ಕೆ 57 ಮತ್ತೆ ಕಿರಿದಾಗಿದ್ದವು. ದಾರಿ ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡವುಗಳಲ್ಲಿ 27. ಸ್ಟೆಂಟ್ ದೊಡ್ಡದಾದಷ್ಟೂ ಒಳ್ಳೆಯದು, 10 ಮಿಲಿಮೀಟರ್ ಅಗಲಕ್ಕೆ ಹಿಗ್ಗಿದರೆ ಹೆಚ್ಚು ಕಾಲ ತೆರೆದಿರುತ್ತದೆ. ಹೃದಯದ ಅಪಧಮನಿಗೆ ಹಾಕುವುದು ಸುಮಾರು ಮೂರು ಮಿಲಿಮೀಟರಿನದು. ಪಂಕ್ತಿಯಲ್ಲಿ ಇನ್ನು ಮೇಲೆ ನಾನೂ ಬಾಯಿ ಬಿಡಬಹುದು: ‘ನಿಮ್ಮದು ಮೂರಾ? ನಮ್ಮದು ಹತ್ತು.’

ಇಲ್ಲಿಯವರೆಗೆ ಬರೆದದ್ದರಲ್ಲಿ ಒಂದಷ್ಟು ಕುಹಕ ಇತ್ತು, ಒಪ್ಪುತ್ತೇನೆ. ಇನ್ನೊಂದು ಮಾತನ್ನು ಕುಹಕವಿಲ್ಲದೆ ಬರೆಯಬೇಕು.

ಸ್ಕ್ಯಾನಿಗೆ ಕಾಯುತ್ತ ಕುಳಿತಿದ್ದಾಗ ಎದುರಿಗೆ ಒಬ್ಬ ತಾಯಿ ಇದ್ದರು, ತೊಡೆಯ ಮೇಲೆ ಆರೇಳು ತಿಂಗಳ ಕೂಸು. ನೀಲಿ ತುಟಿ, ಹಾಲು ಕುಡಿಯಲೂ ಉಸಿರು ಸಾಲದು. ಹುಟ್ಟುವಾಗಲೇ ತಾವು ನಾಲ್ವರೂ ಎಡ ಹೃತ್ಕರ್ಣ ಸೇರುವ ಬದಲು ದಾರಿ ತಪ್ಪಿ ಬೇರೆಡೆ ಸೇರಿದ್ದಿರಂತೆ. ಆಪರೇಷನ್ ಮಾಡಿ ಸರಿಯಾದ ಜಾಗಕ್ಕೆ ಜೋಡಿಸಿದ್ದರು. ಈಗ ಜೋಡಿಸಿದಲ್ಲೇ ಕಿರಿದಾಗುತ್ತಿತ್ತು. ಈ ಆಪರೇಷನ್ ಆದ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಹೀಗಾಗುತ್ತದೆ. ಕೆಲವು ಮಕ್ಕಳಿಗೆ ಯಾರೂ ಮುಟ್ಟದೆಯೇ, ತಾನಾಗಿಯೇ ಆಗುತ್ತದೆ. ನನ್ನ ಕಲೆ ಸುಟ್ಟ ಕಲೆ, ಒಮ್ಮೆ ಬಿಗಿದು ನಿಂತಿತು. ಮಕ್ಕಳದ್ದು ಹಾಗಲ್ಲ. ತಮ್ಮ ಗೋಡೆಯ ಜೀವಕೋಶಗಳೇ ಲಂಗುಲಗಾಮಿಲ್ಲದೆ ಬೆಳೆದು, ತೆರೆದಷ್ಟೂ ಮುಚ್ಚುತ್ತ, ಕವಲುಗಳಿಗೂ ಹಬ್ಬುತ್ತವೆ.

ಅವರಿಗಾಗಿ ಬುದ್ಧಿವಂತರು ತಲೆ ಕೆಡಿಸಿಕೊಂಡಿದ್ದಾರೆ. ತಮ್ಮ ಅಂಚಿಗೆ ಸೂಜಿ ತಾಗಿಸಿದರೆ ಆ ಹೊಲಿಗೆಯೇ ಗಾಯವಾಗಿ ಮತ್ತೆ ಮುಚ್ಚುತ್ತದೆ. ಹಾಗಾಗಿ 1990ರ ದಶಕದಲ್ಲಿ ಶಸ್ತ್ರವೈದ್ಯರು ತಮ್ಮ ಬಾಯಿ ಕತ್ತರಿಸಿ ತೆರೆದು, ಹೊಲಿಗೆಯನ್ನು ಸುತ್ತಲಿನ ಹೃದಯದ ಹೊದಿಕೆಗೆ ಮಾತ್ರ ಹಾಕುವ ಉಪಾಯ ಕಂಡುಕೊಂಡರು. ರಕ್ತ ಆ ಹೊದಿಕೆಯ ಚೀಲಕ್ಕೆ ಬಿದ್ದು ಹೃದಯ ಸೇರುತ್ತದೆ. ಜೀವಕೋಶಗಳ ಬೆಳವಣಿಗೆ ತಡೆಯಲು ಕೆಲವು ಕಡೆ ಇಮ್ಯಾಟಿನಿಬ್ ಕೊಟ್ಟು ನೋಡುತ್ತಿದ್ದಾರೆ. ರಕ್ತದ ಕ್ಯಾನ್ಸರಿನ ಮದ್ದು ಅದು. ಅದರ ಪೇಟೆಂಟ್ ತಕರಾರಿನಲ್ಲಿ 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿ ತಳ್ಳಿಹಾಕಿದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ಇನ್ನೊಂದು ಮದ್ದು ಸಿರೋಲಿಮಸ್. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ 1960ರ ದಶಕದಲ್ಲಿ ತಂದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇನ್ ಸೆಹಗಲ್ ಎಂಬ ವಿಜ್ಞಾನಿ ಅದನ್ನು ಕೆನಡಾದ ಪ್ರಯೋಗಾಲಯದಲ್ಲಿ ಬೇರ್ಪಡಿಸಿದರು. ಅಲ್ಲಿನ ಕಂಪನಿ ಆ ಕೆಲಸ ಕೈಬಿಟ್ಟಾಗ ಆ ಜೀವಿಯನ್ನು ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು ಉಳಿಸಿದರು. ಇವು ಗುಣಪಡಿಸುತ್ತವೆ ಎನ್ನುವಂತಿಲ್ಲ. ಮುಚ್ಚುವ ವೇಗ ತಗ್ಗಿದರೆ ಕೂಸು ಅಷ್ಟು ಬೆಳೆಯುತ್ತದೆ, ಅಷ್ಟೇ ಲೆಕ್ಕ.

ಆ ತಾಯಿಯ ಮಡಿಲಲ್ಲಿ ಕೂಸಿನ ಜೊತೆಗೆ ಒಂದು ದಪ್ಪ ಫೈಲೂ ಇತ್ತು. ಅಂಚು ಸವೆದು, ಪ್ಲಾಸ್ಟಿಕ್ ಕವರು ಹರಿದು, ಪುಟಗಳಿಗೆಲ್ಲ ಬೆರಳಿನ ಗುರುತು. ಯಾರು ಏನು ಕೇಳಿದರೂ ಪುಟ ಹುಡುಕದೆ, ತೇದಿ ಸಮೇತ ಹೇಳುತ್ತಿದ್ದರು. ಹೈಸ್ಕೂಲು ಮುಗಿಸಿದವರಂತೆ ಕಾಣಲಿಲ್ಲ. ಮೂವತ್ತೊಂದು ವರ್ಷ ಪಾಠ ಹೇಳಿದವನ ಫೈಲು ಸಾಗರದಲ್ಲಿ ಸೀರೆಯ ಕೆಳಗೆ ನುಸಿಗುಳಿಗೆಯ ವಾಸನೆ ಹೀರುತ್ತಿತ್ತು.

ಆದಕಾರಣ ತಮ್ಮಲ್ಲಿ ಈ ಕೆಳಕಂಡ ಪ್ರಾರ್ಥನೆ.

ಒಂದು, ಮುಂದೆ ಬಾಗಿಲು ಮುಚ್ಚುವುದಿದ್ದರೆ ನಿಯಮಾನುಸಾರ ನೋಟಿಸ್ ಕೊಡತಕ್ಕದ್ದು. ಎರಡು, ನೋಟಿಸನ್ನು ಕೆಮ್ಮಿನ ಭಾಷೆಯಲ್ಲಿ ಕೊಡದೆ, ಎಲ್ಲರಿಗೂ ತಿಳಿಯುವಂತೆ ಕೊಡತಕ್ಕದ್ದು. ಮೂರು, ಇವೆರಡೂ ಆಗದೆಂದಾದರೆ, ಅಬ್ಲೇಷನ್ ಆದವನೊಬ್ಬ ತಿಂಗಳುಗಳ ಮೇಲೆ ಉಬ್ಬಸಪಟ್ಟಾಗ, ಅವನೆದುರಿಗೆ ಕೂತ ವೈದ್ಯರ ಕಿವಿಯಲ್ಲಿ ತಮ್ಮ ಹೆಸರನ್ನು ಒಮ್ಮೆ ಉಸುರುವುದು. ವೈದ್ಯರೂ ಒಂದು ಕಾಲದಲ್ಲಿ ನನ್ನಂಥವನ ಕ್ಲಾಸಿನಲ್ಲಿ ಆ ಒಂದು ಅಂಕ ಪಡೆದವರೇ. ಉತ್ತರ ಅವರಿಗೂ ಗೊತ್ತು. ಪ್ರಶ್ನೆ ಮರೆತಿರುತ್ತದೆ, ಅಷ್ಟೆ.

ತಮ್ಮ ಬಾಗಿಲಿಗೆ ಈಗ ಕಬ್ಬಿಣದ ಚೌಕಟ್ಟು ಕೂಡಿಸಿದ್ದಾರೆ. ಕೆಮ್ಮು ನಿಂತಿದೆ. ತೋಟದ ಏರು ಹತ್ತುತ್ತೇನೆ, ಅರ್ಧದಲ್ಲಿ ಒಂದು ಸಲ ನಿಂತು. ಮತ್ತೆ ಕಿರಿದಾಯಿತೇ ಎಂದು ನೋಡಲು ಮುಂದಿನ ತಿಂಗಳು ಹನ್ನೆರಡಕ್ಕೆ ಸಿ.ಟಿ. ಇದೆ. ಆ ದಿನ ‘ಹಿಂದೆ ಆಪರೇಷನ್ ಏನಾದ್ರೂ?’ ಎಂದು ಕೇಳಿದರೆ ಉತ್ತರ ಕೊಡುವುದು ನಾನಲ್ಲ, ನನ್ನಾಕೆ. ಫೈಲು ಈಗಾಗಲೇ ಬೀರುವಿನಿಂದ ಇಳಿದು, ಊರಿಗೆ ಹೋಗುವ ಚೀಲದಲ್ಲಿ ಕೂತಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ,
ಸಾಗರ.

ವಿ.ಸೂ.: ಮೂವತ್ತೊಂದು ವರ್ಷದಲ್ಲಿ ಅಪಧಮನಿ ಎಂದು ಬರೆದು ಆ ಒಂದು ಅಂಕ ಕಳೆದುಕೊಂಡ ಮಕ್ಕಳಿಗೆ: ಪ್ರಮಾದವೇನಿಲ್ಲ. ಸರಿಯುತ್ತರ ಗೊತ್ತಿದ್ದ ಮೇಷ್ಟ್ರಿಗೂ ಅದು ಉಪಯೋಗಕ್ಕೆ ಬರಲಿಲ್ಲ.